ಆಟಕ್ಕೆ ಮುನ್ನ ಎಷ್ಟು ಬರೆದಿಟ್ಟುಕೊಳ್ಳಬೇಕು? ಗೇಮ್ ಮಾಸ್ಟರ್‌ಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಚಿಕ್ಕದಾಗಿ ಡಿ ಅಂಡ್ ಡಿ, ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡುತ್ತಾ, ದಾಳ ಎಸೆಯುತ್ತಾ ಕಥೆ ಕಟ್ಟುವ ಆಟ. ಅದನ್ನು ಆಡಿಸುವವನು, ಉಳಿದ ಪಾತ್ರಗಳನ್ನೂ ಲೋಕವನ್ನೂ ನಡೆಸುವವನು ಗೇಮ್ ಮಾಸ್ಟರ್. ಮೊದಲ ಸಲ ಹಾಗೆ ಆಡಿಸಲು ಕೂತಾಗ ನನ್ನ ಕೈಯಲ್ಲಿ ಹತ್ತೊಂಬತ್ತು ಪುಟ ಇತ್ತು. ಯಾರು ಏನು ಹೇಳುತ್ತಾರೆ, ಅದಕ್ಕೆ ಆಟಗಾರರು ಏನು ಮಾಡುತ್ತಾರೆ, ಆಮೇಲೆ ಎಲ್ಲರೂ ಗುಹೆಗೆ ಹೇಗೆ ಬರುತ್ತಾರೆ, ಎಲ್ಲವನ್ನೂ ಬರೆದಿದ್ದೆ. ಆಟ ಶುರುವಾಗಿ ಹತ್ತು ನಿಮಿಷವಾಗಿತ್ತು. ಹೊಳೆ ದಾಟಿಸಿ ಸುಮ್ಮನೆ ಹೋಗಬೇಕಿದ್ದ ದೋಣಿಯವನನ್ನು ಒಬ್ಬಳು, "ನಿನ್ನ ಹೆಸರೇನಪ್ಪಾ?" ಅಂತ ಕೇಳಿಬಿಟ್ಟಳು. ಅವನಿಗೆ ನಾನು ಹೆಸರಿಟ್ಟಿರಲಿಲ್ಲ. ನಾನು ತಡವರಿಸಿದ್ದನ್ನು ನೋಡಿ, ಇವನಲ್ಲೇನೋ ಗುಟ್ಟಿದೆ ಎಂದು ಎಲ್ಲರೂ ತೀರ್ಮಾನಿಸಿದರು. ಉಳಿದ ಮೂರು ಗಂಟೆ ದೋಣಿಯವನನ್ನು ಹಿಂಬಾಲಿಸುವುದರಲ್ಲೇ ಕಳೆಯಿತು. ಹತ್ತೊಂಬತ್ತು ಪುಟವೂ ಬ್ಯಾಗಿನಲ್ಲೇ ಉಳಿಯಿತು.

ಮುಂದಿನ ವಾರ ಹಟಕ್ಕೆ ಬಿದ್ದು ಖಾಲಿ ಕೈಯಲ್ಲಿ ಹೋದೆ. ಅದು ಇನ್ನೂ ಕೆಟ್ಟಿತು. ಪಾತ್ರಗಳು ಮೂರು ಊರು ಸುತ್ತಿದವು. ಮೂರರಲ್ಲೂ ಒಂದೇ ತರದ ಛತ್ರ, ಒಂದೇ ತರದ ಗಡ್ಡದ ಯಜಮಾನ, ಅವನದು ಒಂದೇ ತರದ ಕೆಮ್ಮು.

"ನೀವು ಪ್ರೆಪ್ ಮಾಡ್ತೀರಾ, ಇಲ್ಲಾ ಕೂತಲ್ಲೇ ಹೊಳೆಸ್ತೀರಾ?" ಅಂತ ಹೊಸಬರು ಕೇಳಿದಾಗಲೆಲ್ಲ ಈ ಎರಡು ವಾರ ನೆನಪಾಗುತ್ತದೆ. ಪ್ರೆಪ್ ಅಂದರೆ ಮುಂಚಿನ ತಯಾರಿ. ನಾನು ಎರಡನ್ನೂ ಮಾಡುತ್ತೇನೆ. ಯಾವುದನ್ನು ಬರೆದುಕೊಳ್ಳಬೇಕು, ಯಾವುದನ್ನು ಬರೆಯಲೇಬಾರದು ಎಂದು ತಿಳಿಯಲು ನನಗೆ ವರ್ಷಗಳು ಹಿಡಿದವು. ಆ ವಿಂಗಡಣೆಯೇ ಈ ಬರಹ.

ತಾಳಮದ್ದಳೆ ಕೇಳಿ ಬೆಳೆದವರಿಗೆ ಇದನ್ನು ವಿವರಿಸುವುದು ಸುಲಭ. ಅಲ್ಲಿ ಪ್ರಸಂಗದ ಪದ್ಯಗಳು ಮೊದಲೇ ಇವೆ, ಭಾಗವತರು ಅವನ್ನು ಹಾಡುತ್ತಾರೆ. ವೇಷವಿಲ್ಲ, ಕುಣಿತವಿಲ್ಲ. ಪದ್ಯ ಮುಗಿದ ಮೇಲೆ ಅರ್ಥಧಾರಿ ಆಡುವ ಮಾತೆಲ್ಲ ಆ ರಾತ್ರಿ, ಆ ಎದುರಾಳಿಯ ಮುಂದೆ ಹುಟ್ಟಿದ್ದು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಮಾತು ಯಾರೂ ಬರೆದುಕೊಟ್ಟದ್ದಲ್ಲ. ಹಾಗಂತ ಅದು ಗಾಳಿಯಿಂದ ಬಂದದ್ದೂ ಅಲ್ಲ. ಪುರಾಣದ ಓದು ಒಳಗೆ ಇಳಿದಿದ್ದರಿಂದಲೇ ಎದುರಿನವರು ಎಲ್ಲಿಂದ ಪ್ರಶ್ನೆ ಎಸೆದರೂ ಉತ್ತರ ಸಿಗುತ್ತಿತ್ತು. ಗೇಮ್ ಮಾಸ್ಟರ್ ಆದವನಿಗೆ ಭಾಗವತನ ಕೆಲಸವೂ ಇದೆ, ಅರ್ಥಧಾರಿಯ ಕೆಲಸವೂ ಇದೆ.

ಇನ್ನು ಆಟದ ಚರಿತ್ರೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರತಂದಾಗ, ಆಡಿಸುವವರು ನೆಲದಡಿಯ ಲೋಕದ ಕನಿಷ್ಠ ಆರು ಅಂತಸ್ತುಗಳ ನಕ್ಷೆ ಬರೆದಿಟ್ಟುಕೊಳ್ಳಬೇಕು, ಅದರಲ್ಲಿ ಪ್ರಾಣಿಗಳನ್ನೂ ನಿಧಿಯನ್ನೂ ಹಂಚಬೇಕು ಎಂದು ಅದರಲ್ಲಿತ್ತು. ತಯಾರಿ ಭಾರಿಯೇ, ಆದರೆ ಅದು ಜಾಗದ ತಯಾರಿ. ಕಥೆಯನ್ನೇ ಮೊದಲು ಹೆಣೆದು ಕೊಡುವ ಸಾಹಸಗಳು ದೊಡ್ಡದಾಗಿ ಬಂದದ್ದು 1984ರ ಡ್ರ್ಯಾಗನ್‌ಲ್ಯಾನ್ಸ್ ಸರಣಿಯ ಹೊತ್ತಿಗೆ. 2010ರಲ್ಲಿ ಬಂದ ಅಪೊಕ್ಯಾಲಿಪ್ಸ್ ವರ್ಲ್ಡ್ ಎಂಬ ಇನ್ನೊಂದು ಆಟ ಈ ದಾರಿಯನ್ನು ತಿರುಗಿಸಿ, ಮುಂದೇನಾಗುತ್ತದೆಂದು ಆಡಿಸುವವರೂ ಆಡಿಯೇ ತಿಳಿಯಬೇಕು ಎಂದಿತು. ನಾನು ಕೆಳಗೆ ಹೇಳುವುದು ಈ ಮೂರರಿಂದಲೂ ಕದ್ದದ್ದು. ಉದಾಹರಣೆಗಳೆಲ್ಲ ಡಿ ಅಂಡ್ ಡಿ ಐದನೇ ಆವೃತ್ತಿಯವು, ಏಕೆಂದರೆ ಹೆಚ್ಚಿನವರು ಶುರು ಮಾಡುವುದು ಅಲ್ಲಿಂದಲೇ.

ಹಂತ 1: ನಿಮ್ಮ ನಾಲಿಗೆ ಎಲ್ಲಿ ಕಟ್ಟುತ್ತದೆ, ನೋಡಿಕೊಳ್ಳಿ

ಒಂದು ಸೆಷನ್ (ಒಂದು ಸಲ ಕೂತು ಆಡುವ ಆಟ) ಮುಗಿದ ರಾತ್ರಿಯೇ, ನಿದ್ದೆ ಬರುವ ಮೊದಲು, ಎಲ್ಲೆಲ್ಲಿ ತಡವರಿಸಿದಿರಿ ಎಂದು ಬರೆಯಿರಿ. ನನ್ನ ಪಟ್ಟಿಯಲ್ಲಿ ಪ್ರತಿ ಸಲವೂ ಬರುತ್ತಿದ್ದವು ಮೂರು: ಹೆಸರು, ಅಂಕಿ, ದಾರಿ. ಯಾವ ಊರಿನಿಂದ ಯಾವ ಊರಿಗೆ ಎಷ್ಟು ದಿನ ಎಂದು ಕೇಳಿದರೆ ಒಂದು ಸಲ ಎರಡು ದಿನ, ಇನ್ನೊಂದು ಸಲ ಐದು ದಿನ ಅನ್ನುತ್ತಿದ್ದೆ. ಮಾತುಕತೆಯಲ್ಲಿ ಮಾತ್ರ ಎಂದೂ ಸಿಕ್ಕಿಬಿದ್ದವನಲ್ಲ, ಯಾರ ಬಾಯಲ್ಲಿ ಬೇಕಾದರೂ ಅರ್ಧ ಗಂಟೆ ಮಾತಾಡಬಲ್ಲೆ. ಆದರೂ ಹತ್ತೊಂಬತ್ತು ಪುಟದಲ್ಲಿ ಹನ್ನೆರಡು ಪುಟ ಬರೀ ಸಂಭಾಷಣೆಯೇ ಇತ್ತು!

ನಿಮ್ಮದು ತಿರುವುಮುರುವು ಇರಬಹುದು. ಲೆಕ್ಕ ಸಲೀಸು, ಪಾತ್ರದ ದನಿ ಹಿಡಿಯುವುದು ಕಷ್ಟ ಅನ್ನುವವರೂ ಇದ್ದಾರೆ. ಅಂಥವರು ಪ್ರತಿ ಪಾತ್ರಕ್ಕೆ ಅದು ಆಡುವ ಮೊದಲ ವಾಕ್ಯವೊಂದನ್ನು ಬರೆದಿಟ್ಟುಕೊಂಡರೆ ಸಾಕು, ಉಳಿದದ್ದು ಅದರ ಹಿಂದೆ ಬರುತ್ತದೆ. ಎರಡು ಮೂರು ಸೆಷನ್ ಹೀಗೆ ಬರೆದು ನೋಡುವ ತನಕ ಬೇರೆಯವರ ಪ್ರೆಪ್ ಪದ್ಧತಿಯನ್ನು ಪೂರ್ತಿ ನಕಲು ಮಾಡಬೇಡಿ. ನನ್ನದನ್ನೂ ಸೇರಿಸಿ.

ಹಂತ 2: ಕಥೆ ಬೇಡ, ಇಕ್ಕಟ್ಟು ಬರೆಯಿರಿ

ಆಟಗಾರರು ಏನು ಮಾಡುತ್ತಾರೆ ಎಂಬ ವಾಕ್ಯ ನಿಮ್ಮ ಟಿಪ್ಪಣಿಯಲ್ಲಿ ಎಲ್ಲೇ ಇದ್ದರೂ ಹೊಡೆದುಹಾಕಿ. ಅದು ಅವರ ಪಾಲಿನ ಕೆಲಸ. ನಿಮ್ಮ ಪಾಲಿಗೆ ಉಳಿಯುವುದು: ಯಾರಿಗೆ ಏನು ಬೇಕು, ಅದಕ್ಕೆ ಅಡ್ಡ ಯಾರು, ಯಾರೂ ತಲೆ ಹಾಕದಿದ್ದರೆ ಏನಾಗುತ್ತದೆ. ನಾನು ಎರಡು ಬೇರೆ ಬೇರೆ ಗುಂಪುಗಳಿಗೆ ಆಡಿಸಿದ ಒಂದು ಇಕ್ಕಟ್ಟು ಇಲ್ಲಿದೆ, ಮುಂದಿನ ಹಂತಗಳಲ್ಲೂ ಇದನ್ನೇ ಹಿಡಿದು ಹೋಗೋಣ.

ಒಂದು ಘಟ್ಟದ ದಾರಿ, ನಡುವೆ ಸುಂಕದ ಕಟ್ಟೆ. ಕೆಳಗಿನಿಂದ ಹೇರೆತ್ತುಗಳ ಮೇಲೆ ಉಪ್ಪು ಹತ್ತುತ್ತದೆ, ಮೇಲಿನಿಂದ ಮೆಣಸು ಇಳಿಯುತ್ತದೆ. ಒಂದು ತಿಂಗಳಲ್ಲಿ ಮೂರು ತಂಡ ಎತ್ತುಗಳು, ಆಳುಗಳ ಸಮೇತ ಕಾಣೆ. ಸುಂಕದ ಸೋಮಯ್ಯನ ಲೆಕ್ಕದಲ್ಲಿ ಕೊರತೆಯಿದೆ, ಐದು ದಿನದಲ್ಲಿ ತಪಾಸಣೆಗೆ ಅರಮನೆಯವರು ಬರುತ್ತಾರೆ. ಕೊರತೆ ತುಂಬಲು, ತಂಡ ಹೊರಡುವ ದಿನವನ್ನು ಅವನೇ ಕಾಡಿನವರಿಗೆ ಮಾರುತ್ತಿದ್ದಾನೆ. ಕಾಡಿನ ಗುಂಪಿನ ಕೆಂಚಮ್ಮನಿಗೆ ಉಪ್ಪಿನ ಆಸೆಯಿಲ್ಲ. ಹೊಸ ದಾರಿ ಅವಳ ಊರಿನ ದೇವರಕಾಡನ್ನು ಸೀಳಿಕೊಂಡು ಹೋಗಿದೆ, ಅದು ಮುಚ್ಚಬೇಕು. ಪದುಮಶೆಟ್ಟಿಗೆ ಮಳೆ ಹಿಡಿಯುವುದರೊಳಗೆ ನೂರು ಹೇರು ಉಪ್ಪು ಮೇಲೆ ಹೋಗಬೇಕು, ಹೇಗೆ ಹೋದರೂ ಸರಿ.

ಇಷ್ಟೇ. ಮೂವರು, ಮೂರು ಬೇಡಿಕೆ, ಒಂದಕ್ಕೊಂದು ಹೊಂದುವುದಿಲ್ಲ. ಮೊದಲ ಗುಂಪು ಶೆಟ್ಟರ ಕಾವಲಿಗೆ ನಿಂತಿತು. ಎರಡನೆಯ ಗುಂಪು ಇಪ್ಪತ್ತನೇ ನಿಮಿಷಕ್ಕೇ ಸೋಮಯ್ಯನನ್ನು ಬಾವಿಗೆ ತಳ್ಳಿತು (ಏಕೆಂದು ಅವರಿಗೂ ಗೊತ್ತಿಲ್ಲ). ಕಥೆ ಬರೆದಿದ್ದರೆ ಅಲ್ಲಿಗೆ ನನ್ನ ಸಂಜೆ ಮುಗಿಯುತ್ತಿತ್ತು. ಇಕ್ಕಟ್ಟು ಬರೆದಿದ್ದರಿಂದ ಹೆಚ್ಚು ಯೋಚಿಸಬೇಕಾಗಲಿಲ್ಲ: ತಪಾಸಣೆ ಹೇಗೂ ಬರುತ್ತದೆ, ಲೆಕ್ಕದ ಪುಸ್ತಕ ಈಗ ಹೆದರಿದ ಗುಮಾಸ್ತನ ಕೈಯಲ್ಲಿದೆ, ಕೆಂಚಮ್ಮನಿಗೆ ಇನ್ನು ಸುದ್ದಿ ಕೊಡುವವರಿಲ್ಲ, ಹಾಗಾಗಿ ಅವಳೇ ಕಟ್ಟೆಗೆ ಬರುತ್ತಾಳೆ.

ಹಂತ 3: ಮುಂದೆ ನೂಕುವ ಗಡಿಯಾರ ಇಡಿ

2017ರ ಬ್ಲೇಡ್ಸ್ ಇನ್ ದ ಡಾರ್ಕ್ ಆಟದಲ್ಲಿ ಒಂದು ವೃತ್ತ ಬರೆದು ನಾಲ್ಕು, ಆರು ಅಥವಾ ಎಂಟು ಭಾಗ ಮಾಡಿ, ಅಪಾಯ ಹತ್ತಿರವಾದಂತೆ ಒಂದೊಂದೇ ಭಾಗ ತುಂಬುವ ಪದ್ಧತಿ ಇದೆ. ಯಾವ ಆಟಕ್ಕೆ ಬೇಕಾದರೂ ಇದನ್ನು ಎತ್ತಿಕೊಳ್ಳಬಹುದು. ನನ್ನ ಘಟ್ಟದ ಗಡಿಯಾರಕ್ಕೆ ಆರು ಭಾಗ: ನಾಲ್ಕನೇ ತಂಡ ಕಾಣೆ, ಕಾವಲುಗಾರನ ಮೇಲೆ ಕಳ್ಳತನದ ಆರೋಪ, ಲೆಕ್ಕದ ಕೋಣೆಗೆ ಬೆಂಕಿ, ಸೇತುವೆಯ ಹಗ್ಗ ಅರ್ಧ ಕೊಯ್ದಿದೆ, ಮಳೆ, ದಾರಿ ಬಂದ್ ಆಗಿ ಮೇಲಿನೂರಿನಲ್ಲಿ ಉಪ್ಪಿಲ್ಲ.

ಆಟಗಾರರು ಹೊತ್ತು ಕಳೆದಾಗ, ಅಥವಾ ದಾಳ ಕೆಟ್ಟದಾಗಿ ಬಿದ್ದಾಗ ಒಂದು ಭಾಗ ತುಂಬಿ. ಏನೂ ಹೊಳೆಯದೆ ತಲೆ ಖಾಲಿಯಾದಾಗಲೂ ಇದೇ ಮದ್ದು: ಗಡಿಯಾರದ ಮುಂದಿನ ಭಾಗವನ್ನು ತಂದು ಅವರ ಮುಂದೆ ಇಡಿ. ಹೊಗೆ ಕಾಣಿಸುತ್ತಿದೆ ಅನ್ನಿ. ಟೇಬಲ್ಲಿನಲ್ಲಿ ಯಾರೂ ಮೊಬೈಲ್ ನೋಡುತ್ತಾ ಕೂರುವುದಿಲ್ಲ.

ಹಂತ 4: ಸುಳಿವನ್ನು ಜಾಗಕ್ಕೆ ಕಟ್ಟಿಹಾಕಬೇಡಿ

ಪತ್ತೇದಾರಿಕೆ ಇರುವ ಆಟದಲ್ಲಿ ತಯಾರಿ ಹೆಚ್ಚೇ ಬೇಕು. ಕೊಲೆಗಾರ ಯಾರೆಂದು ನಡುವೆ ಬದಲಿಸುವವರಿದ್ದಾರೆ. ಆಟಗಾರರಿಗೆ ಅದು ಗೊತ್ತಾಗುವುದಿಲ್ಲ ಅನ್ನುತ್ತಾರೆ. ಗೊತ್ತಾಗುತ್ತದೆ: ಮೊದಲ ಗಂಟೆಯಲ್ಲಿ ಅವರು ಬರೆದುಕೊಂಡ ಸುಳಿವು ಕೊನೆಗೆ ಯಾವುದಕ್ಕೂ ತಾಳೆಯಾಗದೆ ಉಳಿಯುತ್ತದೆ. ಸತ್ಯ ಏನೆಂಬುದನ್ನು ಮೊದಲೇ ತೀರ್ಮಾನಿಸಿ. ಅದು ಹೇಗೆ ಬಯಲಾಗುತ್ತದೆ ಎಂಬುದನ್ನು ಮಾತ್ರ ಸಡಿಲ ಬಿಡಿ.

ಇಂಥ ಆಟಗಳ ಬಗ್ಗೆ ಬರೆಯುವ ಜಸ್ಟಿನ್ ಅಲೆಕ್ಸಾಂಡರ್ ಹೇಳಿದ ಒಂದು ಸೂತ್ರ ಈಗ ಎಲ್ಲ ಕಡೆ ಹಬ್ಬಿದೆ: ಆಟಗಾರರು ಒಂದು ತೀರ್ಮಾನಕ್ಕೆ ಬರಬೇಕೆಂದಿದ್ದರೆ ಅದಕ್ಕೆ ಕನಿಷ್ಠ ಮೂರು ಸುಳಿವು ಇಡಿ. ಒಂದನ್ನು ಅವರು ನೋಡುವುದೇ ಇಲ್ಲ, ಇನ್ನೊಂದನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತಾರೆ, ಮೂರನೆಯದು ಕೈಗೆ ಸಿಗುತ್ತದೆ. ಸೋಮಯ್ಯನೇ ಸುದ್ದಿ ಮಾರುತ್ತಿದ್ದಾನೆ ಎಂಬುದಕ್ಕೆ ನಾನು ಇಟ್ಟದ್ದು: ತಂಡ ಹೊರಡುವ ದಿನ ಮುಂಚೆ ಗೊತ್ತಿದ್ದವರು ಮೂವರೇ, ಲೆಕ್ಕದ ಪುಸ್ತಕದಲ್ಲಿ ಒಂದೇ ದಿನಕ್ಕೆ ಎರಡು ಬಗೆಯ ಶಾಯಿ, ಕಾಣೆಯಾದ ಎತ್ತಿನ ಕೊರಳಗಂಟೆಯೊಂದು ಸೋಮಯ್ಯನ ಮನೆಯ ಕರುವಿನ ಕೊರಳಲ್ಲಿದೆ.

ಗಂಟೆ ಎಲ್ಲಿ ಸಿಗುತ್ತದೆಂದು ಮಾತ್ರ ಪೆನ್ಸಿಲ್ಲಿನಲ್ಲಿ ಬರೆದಿಟ್ಟುಕೊಳ್ಳಿ. ಅವರು ಸೋಮಯ್ಯನ ಮನೆ ಕಡೆ ಹೋಗಲೇ ಇಲ್ಲ ಅನ್ನಿ. ಅದೇ ಗಂಟೆ ಸಂತೆಯಲ್ಲಿ ಮಾರಾಟಕ್ಕೆ ಬರಲಿ, ಮಾರುವವನು ಸೋಮಯ್ಯನ ಆಳಾಗಿರಲಿ. ಸತ್ಯ ಒಂದೇ, ಬಾಗಿಲು ಬೇರೆ.

ಹಂತ 5: ಹೆಸರು, ಅಂಕಿ, ನಕ್ಷೆ, ಒಂದೇ ಕಾರ್ಡಿನಲ್ಲಿ

ಹತ್ತು ಹೆಸರು ಬರೆದಿಟ್ಟುಕೊಳ್ಳಿ, ಒಂದೇ ಅಕ್ಷರದಿಂದ ಎರಡು ಬೇಡ. ಬಳಸಿದೊಡನೆ ಪಕ್ಕದಲ್ಲಿ ಯಾರೆಂದು ಗೀಚಿ. ದೋಣಿಯವನ ವಿಷಯದಲ್ಲಿ ನನಗಾದ ಅವಮಾನ ನಿಮಗೆ ಆಗದಿರಲು ಇಷ್ಟೇ ಸಾಕು. ನಕ್ಷೆಗೆ ನಾಲ್ಕು ಚೌಕ, ನಡುವೆ ಗೆರೆ, ಗೆರೆಯ ಮೇಲೆ ಎಷ್ಟು ಹೊತ್ತಿನ ದಾರಿ ಎಂಬ ಅಂಕಿ. ಚಿತ್ರಕಲೆ ಬೇಕಿಲ್ಲ.

ಅಂಕಿಗಳ ವಿಷಯದಲ್ಲಿ ಹೊಸಬರು ವೃಥಾ ಬೆವರು ಹರಿಸುತ್ತಾರೆ. ಕಷ್ಟದ ಮಟ್ಟಕ್ಕೆ, ಎಂದರೆ ಕೆಲಸ ಗೆಲ್ಲಲು ದಾಳದ ಎಸೆತ ಮುಟ್ಟಬೇಕಾದ ಮೊತ್ತಕ್ಕೆ, ಮೂರು ಅಂಕಿ ನೆನಪಿರಲಿ: ಸುಲಭಕ್ಕೆ 10, ಮಧ್ಯಮಕ್ಕೆ 15, ಕಠಿಣಕ್ಕೆ 20. ಬಿದ್ದರೆ ಪ್ರತಿ ಹತ್ತು ಅಡಿಗೆ ಆರುಮುಖದ ಒಂದು ದಾಳದಷ್ಟು ಪೆಟ್ಟು. ಹೊಡೆದಾಟಕ್ಕೆ ಹೊಸ ಪ್ರಾಣಿ ಕಟ್ಟುವ ಬದಲು ಇರುವುದಕ್ಕೇ ಬೇರೆ ವೇಷ ಹಾಕಿ. 2014ರ ನಿಯಮಪುಸ್ತಕದ ಡಕಾಯಿತನಿಗೆ ರಕ್ಷಣೆ (ಏಟು ತಾಗಲು ಎಸೆತ ಮುಟ್ಟಬೇಕಾದ ಅಂಕಿ) 12, ಜೀವಾಂಶ (ಬೀಳುವ ಮೊದಲು ತಡೆಯುವ ಪೆಟ್ಟು) 11. ಅದೇ ಸುಂಕದ ಕಟ್ಟೆಯ ಕಾವಲುಗಾರ, ಅದೇ ಶೆಟ್ಟರ ಬಾಡಿಗೆ ಜಟ್ಟಿ, ಅದೇ ಕೆಂಚಮ್ಮನ ಹುಡುಗ. ಕೆಂಚಮ್ಮನಿಗೆ ಡಕಾಯಿತರ ನಾಯಕನ ಅಂಕಿ: ರಕ್ಷಣೆ 15, ಜೀವಾಂಶ 65. ಕತ್ತಿಯ ಜಾಗದಲ್ಲಿ ಕುಡುಗೋಲು ಅನ್ನಿ, ಯಾರೂ ಪುಸ್ತಕ ತೆಗೆದು ನೋಡುವುದಿಲ್ಲ.

ಹಂತ 6: ಮೊದಲ ಹತ್ತು ನಿಮಿಷ

ಇದೊಂದನ್ನು ಮಾತ್ರ ಅಕ್ಷರಶಃ ಬರೆದುಕೊಳ್ಳಬಹುದು. "ನೀವು ಛತ್ರದಲ್ಲಿ ಕೂತಿದ್ದೀರಿ, ಏನು ಮಾಡ್ತೀರಿ?" ಎಂದು ಶುರು ಮಾಡಿದರೆ ಅರ್ಧ ಗಂಟೆ ಊಟದ ಪಟ್ಟಿಯಲ್ಲಿ ಹೋಗುತ್ತದೆ. "ಮೂಟೆ ಹೊತ್ತ ಎತ್ತೊಂದು ಒಂಟಿಯಾಗಿ ಕಾಡಿನಿಂದ ಇಳಿದು ಬರುತ್ತಿದೆ. ಮೂಟೆಯಿಂದ ಉಪ್ಪಿನ ಜೊತೆ ರಕ್ತವೂ ಸೋರುತ್ತಿದೆ." ಈ ಎರಡು ವಾಕ್ಯ ಹೇಳಿ ಸುಮ್ಮನಾಗಿ. ಆಮೇಲೆ ಅವರೇ ಮಾತಾಡುತ್ತಾರೆ.

ಹಂತ 7: ಟೇಬಲ್ಲಿನಲ್ಲಿ ಆಶುಮಾತು

ಇಲ್ಲಿಂದ ಮುಂದೆ ಕಾಗದ ಪಕ್ಕಕ್ಕಿಡಿ. ನಾನು ನಂಬಿದ ಕೆಲವು ಕೈಚಳಕಗಳನ್ನು ಕ್ರಮವಿಲ್ಲದೆ ಹೇಳುತ್ತೇನೆ, ಏಕೆಂದರೆ ಟೇಬಲ್ಲಿನಲ್ಲೂ ಅವು ಕ್ರಮವಾಗಿ ಬರುವುದಿಲ್ಲ.

ಮೊದಲು ಹೊಳೆದದ್ದನ್ನೇ ಹೇಳಿ. ಬುದ್ಧಿವಂತಿಕೆಯ ಉತ್ತರ ಹುಡುಕುವಾಗ ಆಗುವ ಆ ಐದು ಸೆಕೆಂಡಿನ ಮೌನವೇ ಆಟವನ್ನು ಕೆಡಿಸುವುದು. ನಿಮಗೆ ಸಪ್ಪೆಯೆನಿಸಿದ್ದು ಎದುರು ಕೂತ ನಾಲ್ವರಿಗೆ ಹೊಸದೇ ಆಗಿರುತ್ತದೆ.

ಆಟಗಾರರನ್ನೇ ಕೇಳಿ. "ಇಲ್ಲಿ ದೇವಸ್ಥಾನ ಇದೆಯಾ?" ಅಂದರೆ, "ಇದೆ. ನೀನು ಚಿಕ್ಕವಳಿದ್ದಾಗ ಅಜ್ಜಿ ಜೊತೆ ಬಂದಿದ್ದೆಯಲ್ಲ, ಯಾವ ದೇವರು?" ಎನ್ನಿ. ಒಂದು ಸಲ ಹೀಗೆ ಕೇಳಿದ್ದಕ್ಕೆ ನಮ್ಮ ಕಳ್ಳಿ ಪಾತ್ರದವಳು, "ಕಳೆದುಹೋದದ್ದನ್ನು ಹುಡುಕಿಕೊಡೋ ಅಮ್ಮ, ಆದ್ರೆ ಪ್ರತಿಯಾಗಿ ಇನ್ನೊಂದನ್ನ ಕಳೀತಾಳೆ" ಅಂದಳು. ನಾನು ಒಂದು ವಾರ ಕೂತು ಯೋಚಿಸಿದ್ದರೂ ಅಂಥದ್ದು ಬರುತ್ತಿರಲಿಲ್ಲ. ಆದರೆ ಗುಟ್ಟಿನ ವಿಷಯವನ್ನು ಅವರಿಗೆ ಕೇಳಬಾರದು. ಕಳ್ಳ ಯಾರೆಂದು ತಾನೇ ಹೇಳಿಕೊಟ್ಟ ಮೇಲೆ ಹುಡುಕುವ ಸುಖ ಯಾರಿಗಿರುತ್ತದೆ?

ಅನುಮಾನ ಬಂದಾಗ ದಾಳಕ್ಕೆ ಬಿಡಿ. ಹಳೆಯ ಡಿ ಅಂಡ್ ಡಿಯಲ್ಲಿ, 1981ರ ಬೇಸಿಕ್ ಆವೃತ್ತಿಯಲ್ಲೂ, ಎದುರಾದವರ ಮನಸ್ಸು ಹೇಗಿದೆ ಎಂದು ಆರುಮುಖದ ಎರಡು ದಾಳ ಎಸೆದು ನೋಡುತ್ತಿದ್ದರು. 2 ಬಿದ್ದರೆ ಕೂಡಲೇ ಮೇಲೆರಗುತ್ತಾರೆ, 12 ಬಿದ್ದರೆ ಸ್ನೇಹ, ನಡುವೆ ಹಲವು ಛಾಯೆ. ಎರಡು ದಾಳಕ್ಕೆ 36 ಬಗೆ ಇರುವುದರಲ್ಲಿ 6ರಿಂದ 8ರ ನಡುವೆ ಬೀಳುವುದು 16 ಬಗೆ. ಎಂದರೆ ಹತ್ತಿರ ಹತ್ತಿರ ಅರ್ಧದಷ್ಟು ಸಲ ಎದುರಿನವರು ಇನ್ನೂ ತೀರ್ಮಾನಿಸಿರುವುದಿಲ್ಲ, ಮಾತಿಗೆ ಜಾಗವಿದೆ. ಕೆಂಚಮ್ಮನ ಹುಡುಗರು ಕಾಡಿನಲ್ಲಿ ಎದುರಾದಾಗ ನನಗೆ 11 ಬಿತ್ತು. ಹೊಡೆದಾಟ ಅಂದುಕೊಂಡು ಕೂತಿದ್ದೆ, ಬದಲಿಗೆ ಅವರು ಬೆಂಕಿ ಹಾಕಿ ಗೆಣಸು ಸುಟ್ಟುಕೊಟ್ಟರು. ಆ ಗೆಣಸಿನ ಸುತ್ತ ನಡೆದ ಮಾತಿನಲ್ಲೇ ದೇವರಕಾಡಿನ ವಿಷಯ ಹೊರಬಂತು.

ದೃಶ್ಯ ಕತ್ತರಿಸುವುದನ್ನು ಭಾಗವತರಿಂದ ಕಲಿಯಿರಿ. ಇಬ್ಬರು ಅರ್ಥಧಾರಿಗಳು ವಾದಕ್ಕಿಳಿದು ಮಾತು ಸುತ್ತತೊಡಗಿದಾಗ ಅವರು ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ, ಪ್ರಸಂಗ ಮುಂದೆ ಹೋಗುತ್ತದೆ. ಉಪ್ಪಿನ ದರದ ಚೌಕಾಸಿ ಹದಿನೈದು ನಿಮಿಷ ದಾಟಿತೇ? "ಸರಿ, ಆರು ಹಣಕ್ಕೆ ಒಪ್ಪಂದವಾಯ್ತು. ಬೆಳಗ್ಗೆ ಸೇತುವೆ ಹತ್ರ..." ಎಂದು ಎತ್ತಿಕೊಳ್ಳಿ.

ನಿಜವಾಗಿ ಸಿಕ್ಕಿಹಾಕಿಕೊಂಡರೆ ಚಹಾ ವಿರಾಮ ಕೊಡಿ. "ಇದನ್ನ ನಾನು ಯೋಚಿಸಿರಲಿಲ್ಲ, ಐದು ನಿಮಿಷ ಕೊಡಿ" ಅನ್ನುವುದರಲ್ಲಿ ನಾಚಿಕೆಯಿಲ್ಲ. ಆಟಗಾರರು ಇದನ್ನು ಹೊಗಳಿಕೆಯಾಗಿಯೇ ತೆಗೆದುಕೊಳ್ಳುತ್ತಾರೆ.

ಇನ್ನು ಒಂದು ತಕರಾರಿನ ವಿಷಯ. ಎಡದ ದಾರಿಯಲ್ಲಿ ರಾಕ್ಷಸ ಇಟ್ಟಿದ್ದೀರಿ, ಅವರು ಬಲಕ್ಕೆ ಹೋದರು. ರಾಕ್ಷಸನನ್ನು ಬಲಕ್ಕೆ ಎತ್ತಿಡಬಹುದೇ? ಪರಮ ಪಾಪ ಎನ್ನುವವರೂ ಇದ್ದಾರೆ, ಜಾಣತನ ಎನ್ನುವವರೂ ಇದ್ದಾರೆ. ಎರಡು ದಾರಿಯ ಬಗ್ಗೆಯೂ ಅವರಿಗೆ ಏನೂ ಗೊತ್ತಿಲ್ಲದೆ, ನಾಣ್ಯ ಚಿಮ್ಮಿದ ಹಾಗೆ ಬಲಕ್ಕೆ ಹೋಗಿದ್ದರೆ ನಾನು ಎತ್ತಿಡುತ್ತೇನೆ, ಒಂದು ಸಂಜೆಯ ಕೆಲಸ ಉಳಿಯುತ್ತದೆ. ಆದರೆ ಹೆಜ್ಜೆಗುರುತು ನೋಡಿ, ಮುದುಕಿಯನ್ನು ಕೇಳಿ, ರಾಕ್ಷಸ ಎಡಕ್ಕಿದ್ದಾನೆಂದು ತಿಳಿದು ಬಲಕ್ಕೆ ಹೋದವರ ಮುಂದೆ ಅದೇ ರಾಕ್ಷಸನನ್ನು ತಂದು ನಿಲ್ಲಿಸುವುದು ಮೋಸ. ಅವರು ದುಡಿದು ಗಳಿಸಿದ್ದನ್ನು ನೀವು ಕಿತ್ತುಕೊಂಡಂತೆ.

ಹೊಳೆಸಿದ್ದನ್ನೆಲ್ಲ ಆಗಲೇ ಒಂದು ಸಾಲು ಬರೆದುಕೊಳ್ಳುತ್ತಾ ಹೋಗಿ. ಬಾಯಿಂದ ಬಂದ ಮೇಲೆ ಅದು ನಿಮ್ಮ ಲೋಕದ ಸತ್ಯ. ಮುಂದಿನ ವಾರ ಅಮ್ಮನ ಗುಡಿ ಪೂರ್ವದಿಂದ ಪಶ್ಚಿಮಕ್ಕೆ ಸರಿದರೆ ಆಟಗಾರರು ಮರೆಯುವುದಿಲ್ಲ, ಬಿಡುವುದೂ ಇಲ್ಲ.

ಯಾವಾಗ ಹೆಚ್ಚು, ಯಾವಾಗ ಕಡಿಮೆ

ಅಪರಿಚಿತರಿಗೆ ನಾಲ್ಕು ಗಂಟೆಯಲ್ಲಿ ಮುಗಿಸಬೇಕಾದ ಒಂದೇ ಸೆಷನ್‌ನ ಆಟಕ್ಕೆ ನಾನು ಎರಡರಷ್ಟು ತಯಾರಾಗುತ್ತೇನೆ: ಪಾತ್ರಗಳನ್ನು ನಾನೇ ಮಾಡಿಟ್ಟಿರುತ್ತೇನೆ, ಎರಡನೇ ಗಂಟೆಯ ಹೊತ್ತಿಗೆ ಎಲ್ಲಿರಬೇಕೆಂಬ ಅಂದಾಜೂ ಇರುತ್ತದೆ. ನೆಲಮಾಳಿಗೆಯ ಆಟಕ್ಕೆ ನಕ್ಷೆ ಇಲ್ಲದೆ ಕೂರಬೇಡಿ. ಯಾವ ಬಾಗಿಲು ತೆರೆಯಬೇಕೆಂಬ ನಿರ್ಧಾರಕ್ಕೆ ಬೆಲೆ ಬರುವುದೇ ಬಾಗಿಲ ಹಿಂದಿನದು ಮೊದಲೇ ಅಲ್ಲಿ ಇದ್ದಾಗ. ಎರಡು ವರ್ಷದಿಂದ ಒಂದೇ ಗುಂಪು, ಒಂದೇ ಲೋಕ ಎಂದಾದರೆ ಅರ್ಧ ಪುಟ ಸಾಕು. ಉಳಿದದ್ದು ಆ ಎರಡು ವರ್ಷದಲ್ಲಿ ಎಲ್ಲರ ತಲೆಯಲ್ಲೂ ಇಳಿದಿರುತ್ತದೆ.

ಹಂತ 8: ಎದ್ದು ಹೋಗುವ ಮೊದಲು ಒಂದು ಪ್ರಶ್ನೆ

ಸೆಷನ್ ಮುಗಿದು ಎಲ್ಲರೂ ಚಪ್ಪಲಿ ಹುಡುಕುತ್ತಿರುವಾಗ ಕೇಳಿ: "ಮುಂದಿನ ಸಲ ಎಲ್ಲಿಗೆ ಹೋಗ್ತೀರಿ? ಏನು ಮಾಡಬೇಕು ಅಂದ್ಕೊಂಡಿದ್ದೀರಿ?" ಅವರು ಹೇಳಿದಷ್ಟನ್ನೇ ತಯಾರು ಮಾಡಿ. ನನ್ನ ವಾರದ ಪ್ರೆಪ್ ಎರಡು ಸಂಜೆಯಿಂದ ಒಂದು ಗಂಟೆಗೆ ಇಳಿದದ್ದು ಈ ಒಂದೇ ಪ್ರಶ್ನೆಯಿಂದ. ನಡುವೆ ಮನಸ್ಸು ಬದಲಿಸಿದರೆ ವಾಟ್ಸ್ಯಾಪ್ ಗುಂಪಿನಲ್ಲಿ ಮುಂಚೆಯೇ ಹೇಳಿ ಎಂದು ಕೇಳಿಕೊಳ್ಳಿ. ಹೆಚ್ಚಿನವರು ಹೇಳುತ್ತಾರೆ.

ಸೋಮಯ್ಯನನ್ನು ಬಾವಿಗೆ ತಳ್ಳಿದ ಗುಂಪು ಆ ರಾತ್ರಿ ಹೇಳಿದ್ದು ಹೀಗೆ: "ಹೆಣ ಮೇಲೆತ್ತಿ, ಅವನ ಬಟ್ಟೆ ಹಾಕ್ಕೊಂಡು, ತಪಾಸಣೆಯವರನ್ನ ನಾವೇ ಎದುರುಗೊಳ್ತೀವಿ." ಮನೆಗೆ ಹೋಗಿ ಅರಮನೆಯ ಲೆಕ್ಕಿಗನಿಗೆ ಒಂದು ಹೆಸರಿಟ್ಟೆ. ಅವನು ಸೋಮಯ್ಯನನ್ನು ಹಿಂದೆ ಎಂದಾದರೂ ನೋಡಿದ್ದಾನೋ ಇಲ್ಲವೋ ಎಂಬುದನ್ನು ಮಾತ್ರ ಬರೆಯಲಿಲ್ಲ, ದಾಳಕ್ಕೆ ಬಿಟ್ಟೆ.